ಜೀವಮಾನಕ್ಕೆ ಒಂದು ಚಮಚ

ಎಪ್ಪತ್ತು ವರ್ಷ ಬಾಳುವ ಮನುಷ್ಯನಿಗೆ ಹುಟ್ಟಿದಂದಿನಿಂದ ಕೊನೆಯವರೆಗೆ ಬೇಕಾಗುವ ಅಯೋಡಿನ್ ಎಲ್ಲವನ್ನೂ ಒಟ್ಟುಗೂಡಿಸಿದರೂ ನಾಲ್ಕು ಗ್ರಾಂ ಆಗುವುದು ಕಷ್ಟ. ಒಂದು ಟೀ ಚಮಚದ ತುಂಬ ಎನ್ನಬಹುದು, ಅಷ್ಟೇ. ಆದರೆ ಆ ಚಮಚವನ್ನು ಒಂದೇ ದಿನ ನುಂಗಿ ನಿಶ್ಚಿಂತರಾಗುವ ಹಾಗಿಲ್ಲ. ದಿನಕ್ಕೆ 150 ಮೈಕ್ರೋಗ್ರಾಂನಂತೆ ಅದು ಊಟದ ಜೊತೆ ಒಳಗೆ ಹೋಗುತ್ತಿರಬೇಕು. ವರ್ಷಗಟ್ಟಲೆ ಹೋಗದೇ ಇದ್ದರೆ ಕುತ್ತಿಗೆ ಊದಿ ಗಳಗಂಡವಾಗುತ್ತದೆ, ಮೈ ಜಡವಾಗುತ್ತದೆ, ಬಸುರಿಯ ಹೊಟ್ಟೆಯಲ್ಲಿರುವ ಕೂಸಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ.

ಬೇಕಾದದ್ದು ಇಷ್ಟು ಅಲ್ಪವಾದರೂ ಸಿಗುವುದು ಸುಲಭವಲ್ಲ. ಭೂಮಿಯ ಅಯೋಡಿನ್ ಬಹುಮಟ್ಟಿಗೆ ಸಮುದ್ರದ ಪಾಲಾಗಿದೆ. ಮಳೆ, ಹಿಮ, ನೆರೆ ಸಾವಿರಾರು ವರ್ಷಗಳಿಂದ ಅದನ್ನು ಮಣ್ಣಿನಿಂದ ತೊಳೆದು ಒಯ್ಯುತ್ತಲೇ ಇವೆ. ಆಲ್ಪ್ಸ್, ಹಿಮಾಲಯದಂಥ ಬೆಟ್ಟದ ಸೀಮೆಗಳಲ್ಲಿ ಬೆಳೆಯುವ ಕಾಳಿನಲ್ಲೂ ಕುಡಿಯುವ ನೀರಿನಲ್ಲೂ ಅದು ಇದ್ದೂ ಇಲ್ಲದಷ್ಟು. ಇಂಥ ನೆಲದ ಮೇಲೆ ಬದುಕುವ ಪ್ರಾಣಿಗೆ ಸಿಕ್ಕಾಗ ಹಿಡಿದಿಟ್ಟು, ಸಿಗದ ದಿನಗಳಿಗೆ ಉಳಿಸಿಕೊಳ್ಳುವ ಅಂಗವೊಂದು ಬೇಕೇ ಬೇಕು. ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳದ ಎರಡೂ ಬದಿಗೆ ಅಂಟಿಕೊಂಡಿರುವ, ಸುಮಾರು 20 ಗ್ರಾಂ ತೂಗುವ ಥೈರಾಯ್ಡ್ ಗ್ರಂಥಿ ಮಾಡುವುದು ಅದನ್ನೇ. ಮೈಯಲ್ಲಿರುವ ಅಯೋಡಿನ್ನಿನ ಮುಕ್ಕಾಲು ಪಾಲು ಅದರೊಳಗೆ ಸೇರಿಕೊಂಡಿರುತ್ತದೆ. ಬಯಲುಸೀಮೆಯ ರೈತರು ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಾಗೆ, ಈ ಗ್ರಂಥಿ ಎರಡು ಮೂರು ತಿಂಗಳಿಗೆ ಸಾಲುವಷ್ಟು ಹಾರ್ಮೋನನ್ನು ಮೊದಲೇ ತಯಾರಿಸಿ ದಾಸ್ತಾನು ಮಾಡುತ್ತದೆ. ನಮ್ಮ ಮೈಯ ಬೇರೆ ಯಾವ ಅಂತಃಸ್ರಾವಕ ಗ್ರಂಥಿಯಲ್ಲೂ ಇಷ್ಟು ದೊಡ್ಡ ದಾಸ್ತಾನಿಲ್ಲ. ಥೈರಾಯ್ಡ್ ವಿಷಯದಲ್ಲಿ ನಮಗಿರುವ ಅರ್ಧ ಗೊಂದಲ, ಲ್ಯಾಬಿನ ರಿಪೋರ್ಟು ಕೈಗೆ ಬಂದಾಗಿನ ಗಾಬರಿಯೂ ಸೇರಿ, ಈ ಒಂದು ಸಂಗತಿಯನ್ನು ಮರೆಯುವುದರಿಂದ ಹುಟ್ಟುತ್ತದೆ ಎಂದು ನನ್ನ ಎಣಿಕೆ. ಇದು ಕೂಡಿಡುವ ಗ್ರಂಥಿ. ಇದರ ಎಲ್ಲ ವ್ಯವಹಾರವೂ ನಿಧಾನ.

ಗ್ರಂಥಿಯ ತೆಳ್ಳನೆಯ ಹೋಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮೊದಲು ಕಣ್ಣಿಗೆ ಬೀಳುವುದೇ ಆ ದಾಸ್ತಾನು. ದುಂಡನೆಯ ಕಿರುಚೀಲಗಳು ಒತ್ತೊತ್ತಾಗಿ ಕೂತಿರುತ್ತವೆ. ಪ್ರತಿ ಚೀಲದ ಗೋಡೆ ಜೀವಕೋಶಗಳ ಒಂದೇ ಒಂದು ಸಾಲು. ಒಳಗೆಲ್ಲ ನುಣುಪಾದ, ನಸುಗೆಂಪು ಲೋಳೆ. ಇದಕ್ಕೆ ಕೊಲಾಯ್ಡ್ ಎಂದು ಹೆಸರು. ಗ್ರಂಥಿಗೆ ಕೆಲಸವಿಲ್ಲದಾಗ ಲೋಳೆ ಅಂಚಿನವರೆಗೂ ತುಂಬಿಕೊಂಡು, ಗೋಡೆಯ ಕೋಶಗಳು ಚಪ್ಪಟೆಯಾಗಿ ಮಲಗಿರುತ್ತವೆ. ಕೆಲಸದ ಒತ್ತಡ ಬಿದ್ದಾಗ ಅವೇ ಕೋಶಗಳು ಎತ್ತರಕ್ಕೆ ಎದ್ದು ನಿಲ್ಲುತ್ತವೆ. ಲೋಳೆಯ ಅಂಚಿನುದ್ದಕ್ಕೂ ಯಾರೋ ಕಚ್ಚಿ ತೆಗೆದಂತೆ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಯಾವ ರಕ್ತಪರೀಕ್ಷೆಯೂ ಇಲ್ಲದೆ, ಬರಿಯ ಆ ಗುಳಿಗಳನ್ನು ನೋಡಿ ಗ್ರಂಥಿ ದುಡಿಯುತ್ತಿದೆಯೇ ದಣಿವಾರಿಸಿಕೊಳ್ಳುತ್ತಿದೆಯೇ ಎಂದು ರೋಗಶಾಸ್ತ್ರಜ್ಞರು ಹೇಳಬಲ್ಲರು.

ತಯಾರಿಕೆ ಶುರುವಾಗುವುದು ಚೀಲದ ಹೊರಮೈಯಲ್ಲಿ. ರಕ್ತದಲ್ಲಿ ಅಯೋಡಿನ್ ಇರುವುದು ಅಯೋಡೈಡ್ ರೂಪದಲ್ಲಿ, ಅದೂ ಅತಿ ವಿರಳವಾಗಿ. ಕೋಶದ ಹೊರಪೊರೆಯಲ್ಲಿ ಕೂತಿರುವ ಒಂದು ಪ್ರೋಟೀನು ಎರಡು ಸೋಡಿಯಂ ಕಣಗಳ ಜೊತೆಗೆ ಒಂದು ಅಯೋಡೈಡ್ ಕಣವನ್ನು ಒಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಇರುವುದಕ್ಕಿಂತ 20ರಿಂದ 40 ಪಟ್ಟು ಹೆಚ್ಚು ಅಯೋಡೈಡ್ ಒಳಗೆ ಸೇರುವುದು ಇದರಿಂದಲೇ. ಈ ಪ್ರೋಟೀನಿನ ಜೀನ್ ಕೈಗೆ ಸಿಕ್ಕಿದ್ದು 1996ರಲ್ಲಿ, ನ್ಯಾನ್ಸಿ ಕರಾಸ್ಕೊ ಅವರ ಪ್ರಯೋಗಾಲಯದಲ್ಲಿ. ಅಯೋಡೈಡ್ ಮುಂದೆ ಕೋಶವನ್ನು ದಾಟಿ ಲೋಳೆಯ ಅಂಚಿಗೆ ಬರುತ್ತದೆ. ಅಲ್ಲಿ ಕಾದಿರುವುದು ಥೈರೊಗ್ಲಾಬ್ಯುಲಿನ್ ಎಂಬ ಭಾರೀ ಗಾತ್ರದ ಪ್ರೋಟೀನು. ಅದರ ಉದ್ದಕ್ಕೂ ಟೈರೋಸಿನ್ ಎಂಬ ಅಮೈನೋ ಆಮ್ಲ ಅಲ್ಲಲ್ಲಿ ಪೋಣಿಸಿಕೊಂಡಿದೆ. ಪೆರಾಕ್ಸಿಡೇಸ್ ಎಂಬ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಅಯೋಡೈಡನ್ನು ಚುರುಕುಗೊಳಿಸಿ ಈ ಟೈರೋಸಿನ್‌ಗಳಿಗೆ ಕೂರಿಸುತ್ತದೆ. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ಎರಡು ಅಯೋಡಿನ್ ಹೊತ್ತ ಇಬ್ಬರು ಜೋಡಿಯಾದರೆ ನಾಲ್ಕು ಅಯೋಡಿನ್ನಿನ ಥೈರಾಕ್ಸಿನ್, ಅಂದರೆ ಟಿ4. ಎರಡು ಹೊತ್ತದ್ದು ಒಂದು ಹೊತ್ತದ್ದರ ಜೊತೆ ಸೇರಿದರೆ ಟಿ3. ಟಿ4ನ ತೂಕದಲ್ಲಿ ನೂರಕ್ಕೆ 65 ಪಾಲು ಬರಿಯ ಅಯೋಡಿನ್.

ಈ ರಸಾಯನ ನಡೆಯುವ ಜಾಗವನ್ನು ಗಮನಿಸಬೇಕು. ಪೆರಾಕ್ಸೈಡ್ ಕೋಶಗಳನ್ನು ಸುಡುವ ವಸ್ತು. ಹಾಗಾಗಿ ಅದರ ಕೆಲಸವೆಲ್ಲ ಕೋಶದ ಒಳಗೆ ಆಗದೆ, ಚೀಲದ ಒಳಅಂಚಿನಲ್ಲಿ, ಲೋಳೆಯ ಕಡೆಗೆ ನಡೆಯುತ್ತದೆ. ಕೋಶದೊಳಕ್ಕೆ ಸೋರಿದ್ದನ್ನು ನಿವಾರಿಸಲು ಸೆಲೆನಿಯಂ ಇರುವ ಕಿಣ್ವಗಳು ಕಾವಲಿವೆ. ನಮಗೆ ದಿನವೂ ಬೇಕಾದ ಒಂದು ವಸ್ತುವನ್ನು ಮೈ ಇಷ್ಟು ಅಪಾಯದ ಹಾದಿಯಲ್ಲಿ ತಯಾರಿಸುತ್ತದೆ ಎಂಬುದು ನನಗೆ ಪ್ರತಿ ಸಲ ಓದಿದಾಗಲೂ ಬೆರಗು ತರುತ್ತದೆ.

ತಯಾರಾದ ಹಾರ್ಮೋನು ಥೈರೊಗ್ಲಾಬ್ಯುಲಿನ್‌ಗೆ ಅಂಟಿಕೊಂಡೇ ಲೋಳೆಯಲ್ಲಿ ಕೂತಿರುತ್ತದೆ. ಬೇಕೆಂದಾಗ ಗೋಡೆಯ ಕೋಶಗಳು ಲೋಳೆಯನ್ನು ಗುಟುಕು ಗುಟುಕಾಗಿ ನುಂಗಿ, ಪ್ರೋಟೀನನ್ನು ಅರಗಿಸಿ, ಬಿಡುಗಡೆಯಾದ ಟಿ4, ಟಿ3ಯನ್ನು ರಕ್ತಕ್ಕೆ ಬಿಡುತ್ತವೆ. ಜೋಡಿಯಾಗದೆ ಉಳಿದ ಟೈರೋಸಿನ್‌ಗಳಿಂದ ಅಯೋಡಿನ್ನನ್ನು ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚಲು ಬೇರೊಂದು ಕಿಣ್ವವಿದೆ. ಹುಟ್ಟಿನಿಂದಲೇ ಆ ಕಿಣ್ವವಿಲ್ಲದವರ ಅಯೋಡಿನ್ ಮೂತ್ರದಲ್ಲಿ ಹರಿದುಹೋಗಿ, ಉಂಡರೂ ತಿಂದರೂ ಗಳಗಂಡ ಬರುತ್ತದೆ.

ಹಾರ್ಮೋನು ಮಿತಿಮೀರಿ ಎದೆ ಡವಗುಟ್ಟುವ, ಕೈ ನಡುಗುವ ರೋಗಿಗೆ ವೈದ್ಯರು ಕಾರ್ಬಿಮಜೋಲ್ ಕೊಡುತ್ತಾರೆ. ಹತ್ತು ದಿನವಾದರೂ ಗುಣವಿಲ್ಲ ಎಂದು ಮಾತ್ರೆಯನ್ನೇ ಬಿಟ್ಟವರು, ವೈದ್ಯರನ್ನು ಬದಲಿಸಿದವರು ಬೇಕಾದಷ್ಟಿದ್ದಾರೆ. ಮಾತ್ರೆ ತಡೆಯುವುದು ಪೆರಾಕ್ಸಿಡೇಸನ್ನು, ಅಂದರೆ ಹೊಸ ತಯಾರಿಕೆಯನ್ನು ಮಾತ್ರ. ಈಗಾಗಲೇ ಕೂಡಿಟ್ಟದ್ದು ಖರ್ಚಾಗಿ ಇಳಿಯಲು ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಎದೆಬಡಿತ ಹತೋಟಿಯಲ್ಲಿಡಲು ಬೇರೆ ಮಾತ್ರೆ ಜೊತೆಗಿರುತ್ತದೆ. ಇಷ್ಟನ್ನು ಚೀಟಿ ಬರೆಯುವಾಗಲೇ ಎರಡು ಮಾತಿನಲ್ಲಿ ಹೇಳಿಬಿಟ್ಟರೆ ಎಷ್ಟೋ ಜನ ಚಿಕಿತ್ಸೆಯನ್ನು ನಡುವೆ ಕೈಬಿಡುವುದಿಲ್ಲ.

ಕುರಿ, ಹಂದಿ ಮತ್ತು ಗೊದಮೊಟ್ಟೆ

ಈ ಗ್ರಂಥಿ ಇರುವುದೇ ಯಾತಕ್ಕೆ ಎಂದು 19ನೇ ಶತಮಾನದ ಬಹುಪಾಲು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಖರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಎತ್ತಿದ ಕೈ. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರನ್ನು ಅವರು ಮತ್ತೆ ಕರೆಸಿ ನೋಡಿದಾಗ ಹೆಚ್ಚಿನವರು ಮುಖ ಬಾತು, ಮಾತು ನಿಧಾನವಾಗಿ, ಬುದ್ಧಿ ಮಂದವಾಗಿ ಕಂಡರು. ಚಿಕ್ಕವಯಸ್ಸಿನವರ ಬೆಳವಣಿಗೆಯೇ ನಿಂತಿತ್ತು. ಅದನ್ನು 1883ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿ, ಗ್ರಂಥಿಯನ್ನು ಪೂರ್ತಿ ಕಿತ್ತುಹಾಕುವ ಪದ್ಧತಿಯನ್ನು ಅವರೇ ಕೈಬಿಟ್ಟರು. ಈ ಕೆಲಸಕ್ಕೆ 1909ರಲ್ಲಿ ನೊಬೆಲ್ ಬಂತು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ 1891ರಲ್ಲಿ ಇಂಥದೇ ಜಡತೆಗೆ ಸಿಕ್ಕ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು 74ರವರೆಗೆ ಬಾಳಿದಳು. ಅಷ್ಟು ವರ್ಷಗಳಲ್ಲಿ ಆಕೆಗಾಗಿ ಬಳಕೆಯಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ. ಚುಚ್ಚಬೇಕಾಗಿಯೂ ಇಲ್ಲ, ಬಾಯಿಂದ ಕೊಟ್ಟರೂ ನಾಟುತ್ತದೆ ಎಂಬುದು ಮರುವರ್ಷವೇ ಗೊತ್ತಾಯಿತು. ಇನ್ಸುಲಿನ್ ಹೊಟ್ಟೆಯಲ್ಲಿ ಅರಗಿ ಹಾಳಾಗುತ್ತದೆ. ಥೈರಾಕ್ಸಿನ್ ಗಾತ್ರದಲ್ಲಿ ಚಿಕ್ಕದು, ಗಟ್ಟಿಮುಟ್ಟು, ಹಾಗೆಯೇ ದಾಟಿಹೋಗುತ್ತದೆ. ಇಂದು ಕೋಟ್ಯಂತರ ಮಂದಿ ಸೂಜಿಯ ತಂಟೆಯಿಲ್ಲದೆ ಒಂದು ಪುಟ್ಟ ಮಾತ್ರೆಯಲ್ಲಿ ಬದುಕುವುದು ಸಾಧ್ಯವಾದದ್ದು ಈ ಗುಣದಿಂದ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಲ್ ಶುದ್ಧ ಥೈರಾಕ್ಸಿನ್ ಹರಳನ್ನು ಮೊದಲು ಕಂಡದ್ದು 1914ರ ಡಿಸೆಂಬರ್ 25ರಂದು. ಮುಂದೆ ಮೂವತ್ತು ಗ್ರಾಮಿನಷ್ಟನ್ನು ಬೇರ್ಪಡಿಸಲು ಅವರಿಗೆ ಸುಮಾರು ಮೂರು ಟನ್ ಹಂದಿ ಗ್ರಂಥಿ ಬೇಕಾಯಿತು. ಟಿ3 ಮಾತ್ರ 1952ರವರೆಗೂ ಕಣ್ತಪ್ಪಿಸಿಕೊಂಡಿತ್ತು. ಲಂಡನ್ನಿನಲ್ಲಿ ಜಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಅದನ್ನು ಗುರುತಿಸಿದರು.

ಟಿ3 ತಡವಾಗಿ ಸಿಕ್ಕಿದರೂ ನಿಜವಾದ ಕೆಲಸಗಾರ ಅದೇ. ಗ್ರಂಥಿ ದಿನಕ್ಕೆ 80ರಿಂದ 100 ಮೈಕ್ರೋಗ್ರಾಂ ಟಿ4 ಬಿಡುತ್ತದೆ. ಟಿ3ಯನ್ನು ನೇರವಾಗಿ ಕೊಡುವುದು ಸ್ವಲ್ಪವೇ. ಮೈಯ ಟಿ3ಯಲ್ಲಿ ನೂರಕ್ಕೆ 80ರಷ್ಟು ತಯಾರಾಗುವುದು ಗ್ರಂಥಿಯಿಂದಾಚೆ, ಪಿತ್ತಜನಕಾಂಗ, ಮೂತ್ರಪಿಂಡ, ಸ್ನಾಯು, ಮಿದುಳು ಮುಂತಾದ ಕಡೆ. ಅಲ್ಲಿನ ಕಿಣ್ವಗಳು ಟಿ4ನ ಒಂದು ಅಯೋಡಿನ್ನನ್ನು ಕಳಚುತ್ತವೆ. ಅಣುವಿನ ಹೊರ ಉಂಗುರದ್ದನ್ನು ಕಳಚಿದರೆ ಚುರುಕಾದ ಟಿ3, ಒಳ ಉಂಗುರದ್ದನ್ನು ಕಳಚಿದರೆ ಕೆಲಸಕ್ಕೆ ಬಾರದ ಇನ್ನೊಂದು ರೂಪ. ಎಂದರೆ ಒಂದೇ ರಕ್ತ ಹರಿಯುತ್ತಿದ್ದರೂ ಯಾವ ಅಂಗ ಎಷ್ಟು ಬಳಸಬೇಕು ಎಂಬುದನ್ನು ಆಯಾ ಅಂಗವೇ ತೀರ್ಮಾನಿಸುತ್ತದೆ. ಉಪವಾಸ ಬಿದ್ದಾಗ, ಜೋರು ಕಾಯಿಲೆಯಲ್ಲಿ ಮಲಗಿದಾಗ ಮೈ ಟಿ3ಯನ್ನು ಇಳಿಸಿಕೊಂಡು ಖರ್ಚು ಬಿಗಿಹಿಡಿಯುತ್ತದೆ. ಐಸಿಯುನಲ್ಲಿರುವ ರೋಗಿಯ ಥೈರಾಯ್ಡ್ ಅಂಕಿಗಳನ್ನು ನೋಡಿ ಅನುಭವಿ ವೈದ್ಯರು ತಕ್ಷಣ ಮಾತ್ರೆ ಬರೆಯದಿರುವುದು ಇದೇ ಕಾರಣಕ್ಕೆ.

ಹಾರ್ಮೋನಿನ ಬಳಕೆಯನ್ನು ಆಯಾ ಅಂಗವೇ ತೀರ್ಮಾನಿಸುವುದರ ಅತ್ಯಂತ ಸ್ಪಷ್ಟ ನಿದರ್ಶನ ಮಳೆಗಾಲದ ಹೊಂಡಗಳಲ್ಲಿ ಸಿಗುತ್ತದೆ. 1912ರಲ್ಲಿ ಫ್ರೆಡ್ರಿಕ್ ಗುಡರ್ನಾಚ್ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದಾಗ ಅವು ದೊಡ್ಡದಾಗಿ ಬೆಳೆಯುವ ಮೊದಲೇ ಪುಟಾಣಿ ಕಪ್ಪೆಗಳಾಗಿಬಿಟ್ಟವು. ಗೊದಮೊಟ್ಟೆಗೆ ಕಾಲು ಮೂಡಿಸುವುದೂ ಅದೇ ಹಾರ್ಮೋನು, ಬಾಲ ಕರಗಿಸುವುದೂ ಅದೇ. ಕಾಲಿನ ಕೋಶಕ್ಕೆ ‘ಬೆಳೆ’ ಎಂದು ಕೇಳಿಸಿದ ಅಪ್ಪಣೆ ಬಾಲದ ಕೋಶಕ್ಕೆ ‘ಸಾಯಿ’ ಎಂದು ಕೇಳಿಸುತ್ತದೆ. ಮೊದಲು ಕಾಲು, ಆಮೇಲೆ ಬಾಲ ಎಂಬ ಸರದಿ ತಪ್ಪದಂತೆ ನೋಡಿಕೊಳ್ಳುವುದರಲ್ಲಿ ಮೇಲೆ ಹೇಳಿದ ಅಯೋಡಿನ್ ಕಳಚುವ ಕಿಣ್ವಗಳ ಪಾಲು ದೊಡ್ಡದು. ಬಾಲ ಮೊದಲೇ ಹೋದರೆ ಈಜಲಾರದು, ಕಾಲಿಲ್ಲದೆ ಕುಪ್ಪಳಿಸಲಾರದು. ಮನುಷ್ಯರಲ್ಲೂ ಟಿ3 ಜೀವಕೋಶದ ಕೇಂದ್ರಕ್ಕೇ ಹೊಕ್ಕು ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಎದೆಬಡಿತದ ವೇಗ, ಮೈಬಿಸಿ, ಕರುಳಿನ ಚಲನೆ, ಮುಟ್ಟಿನ ಸರದಿ, ರಕ್ತದ ಕೊಲೆಸ್ಟ್ರಾಲ್ ಎಲ್ಲಕ್ಕೂ ಅದರ ಕೈ ತಾಗುವುದು ಹೀಗೆ.

ಅಪ್ಪಣೆ ಎಲ್ಲಿಂದ?

ಗ್ರಂಥಿಗೆ ಅಪ್ಪಣೆ ಬರುವುದು ಮಿದುಳಿನ ತಳದಲ್ಲಿರುವ ಪಿಟ್ಯುಟರಿಯಿಂದ, ಟಿಎಸ್‌ಎಚ್ ಎಂಬ ಹಾರ್ಮೋನಿನ ಮೂಲಕ. ಪಿಟ್ಯುಟರಿಗೆ ಹೇಳುವುದು ಅದರ ಮೇಲಿರುವ ಹೈಪೋಥಲಾಮಸ್, ಟಿಆರ್‌ಎಚ್ ಎಂಬ ಮೂರೇ ಅಮೈನೋ ಆಮ್ಲಗಳ ಚಿಕ್ಕ ತುಣುಕಿನಿಂದ. ಈ ತುಣುಕನ್ನು ಬೇರ್ಪಡಿಸಲು ರೋಜರ್ ಗಿಲ್ಲೆಮಿನ್ ಕುರಿಗಳ, ಆಂಡ್ರ್ಯೂ ಶಾಲಿ ಹಂದಿಗಳ ಮಿದುಳಿನ ಚೂರುಗಳನ್ನು ಲಕ್ಷಗಟ್ಟಲೆ ಅರೆದರು. ಒಟ್ಟಿಗೆ ಶುರುಮಾಡಿದವರು ಎದುರಾಳಿಗಳಾಗಿ, 1969ರಲ್ಲಿ ಇಬ್ಬರೂ ಗುರಿ ಮುಟ್ಟಿದರು. 1977ರಲ್ಲಿ ನೊಬೆಲ್ ಹಂಚಿಕೊಂಡಾಗ ಅವರ ಜೊತೆಗಿದ್ದ ಮೂರನೆಯವರು ರೋಸಲಿನ್ ಯಾಲೊ. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹಾರ್ಮೋನನ್ನು ಅಳೆಯುವ ವಿಧಾನ ಅವರದು. ನಮ್ಮೂರಿನ ಲ್ಯಾಬಿನ ಟಿಎಸ್‌ಎಚ್ ಪರೀಕ್ಷೆಗೆ ದಾರಿ ತೆರೆದದ್ದು ಆ ವಿಧಾನವೇ.

ರಕ್ತದಲ್ಲಿ ಹಾರ್ಮೋನು ಹೆಚ್ಚಿದರೆ ಪಿಟ್ಯುಟರಿ ಟಿಎಸ್‌ಎಚ್ ಇಳಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ರಿಪೋರ್ಟಿನಲ್ಲಿ ಟಿಎಸ್‌ಎಚ್ ಮೇಲಿದ್ದರೆ ಗ್ರಂಥಿ ಸೋತಿದೆ ಎಂಬ ತಿರುವುಮುರುವು ಲೆಕ್ಕ ಇದರಿಂದ ಬಂತು. ಟಿ4ನಲ್ಲಿ ನೂರಕ್ಕೆ 99.9ಕ್ಕೂ ಹೆಚ್ಚು ಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಕೆಲಸಕ್ಕೆ ಒದಗುವುದು ಬಿಡಿಯಾಗಿರುವ ಚೂರೇ ಚೂರು, ಫ್ರೀ ಟಿ4. ಅದು ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಏರಬಲ್ಲದು. ಇಷ್ಟು ಸೂಕ್ಷ್ಮವಾದ್ದರಿಂದಲೇ ವೈದ್ಯರು ಮೊದಲು ಅದನ್ನು ನೋಡುತ್ತಾರೆ. ಇಷ್ಟು ಸೂಕ್ಷ್ಮವಾದ್ದರಿಂದಲೇ ಅದರ ಸಣ್ಣ ಏರಿಳಿತಕ್ಕೆ ಹೆದರಬಾರದು. ಟಿಎಸ್‌ಎಚ್ ರಾತ್ರಿ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಕೂದಲು ಉದುರದಿರಲೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಅಂಕಿಯನ್ನೇ ತಪ್ಪಿಸುತ್ತದೆ. ರಕ್ತ ಕೊಡುವ ಮುನ್ನ ಅದನ್ನು ಹೇಳಬೇಕು. ಒಂದೇ ಒಂದು ಸಲದ, ಸ್ವಲ್ಪ ಮಾತ್ರ ಏರಿದ ಅಂಕಿಯನ್ನು ಹಿಡಿದು ಜೀವನಪೂರ್ತಿಯ ಮಾತ್ರೆ ಶುರುಮಾಡುವುದು ನನಗಂತೂ ಸರಿಕಾಣುವುದಿಲ್ಲ. ಬಸುರಿಯರ ವಿಷಯ ಬೇರೆ, ಅಲ್ಲಿ ಕಾಯುವಂತಿಲ್ಲ.

ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಏಳು ದಿನ ಬೇಕು. ಆದ್ದರಿಂದ ಒಂದು ದಿನ ಮಾತ್ರೆ ಮರೆತರೆ ಆಕಾಶವೇನೂ ಕಳಚಿ ಬೀಳದು. ಅದೇ ಕಾರಣಕ್ಕೆ ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಳೆಯದೆ ಮತ್ತೆ ಪರೀಕ್ಷೆ ಮಾಡಿಸಿದರೆ ಸಿಗುವುದು ಅರೆಬೆಂದ ಉತ್ತರ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ ತಿಂಡಿ ಮುಟ್ಟಬಾರದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು, ಅವು ಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದಿಡುತ್ತವೆ.

ಪಿಟ್ಯುಟರಿಯ ಅಪ್ಪಣೆಗೆ ಕಾಯದೆ ಗ್ರಂಥಿ ತನ್ನನ್ನು ತಾನೇ ಹತೋಟಿಯಲ್ಲಿಡುವುದೂ ಉಂಟು. ಅಯೋಡಿನ್ ಒಮ್ಮೆಲೇ ಅತಿಯಾಗಿ ಬಂದರೆ ಅದು ಹಾರ್ಮೋನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಜಾನ್ ವುಲ್ಫ್ ಮತ್ತು ಇಸ್ರೇಲ್ ಚೈಕಾಫ್ 1948ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಎರಡು ದಿನದಲ್ಲಿ ಗ್ರಂಥಿ ಅಯೋಡೈಡ್ ಒಳಗೆಳೆಯುವುದನ್ನು ತಗ್ಗಿಸಿಕೊಂಡು ಮತ್ತೆ ಎಂದಿನಂತಾಗುತ್ತದೆ. ಅಣು ಅಪಘಾತದಲ್ಲಿ ಹೊರಬೀಳುವ ವಿಕಿರಣದ ಅಯೋಡಿನ್ನನ್ನೂ ಈ ಗ್ರಂಥಿ ಭೇದವಿಲ್ಲದೆ ಒಳಗೆಳೆದುಕೊಳ್ಳುತ್ತದೆ. ಅದಕ್ಕೂ ಮೊದಲೇ ಒಳ್ಳೆಯ ಅಯೋಡಿನ್ ತುಂಬಿಬಿಟ್ಟರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. 1986ರಲ್ಲಿ ಚೆರ್ನೋಬಿಲ್ ಸ್ಫೋಟವಾದಾಗ ಪೋಲೆಂಡ್ ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಕುಡಿಸಿತು.

ಇಷ್ಟೆಲ್ಲ ಬಿಗಿ ಏರ್ಪಾಡನ್ನೂ ಮೋಸಗೊಳಿಸಬಹುದು. ಗ್ರೇವ್ಸ್ ಕಾಯಿಲೆಯಲ್ಲಿ ಮೈಯ ರಕ್ಷಣಾ ವ್ಯವಸ್ಥೆ ತಯಾರಿಸಿದ ಪ್ರತಿಕಾಯವೊಂದು ಟಿಎಸ್‌ಎಚ್ ಕೂರುವ ಜಾಗದಲ್ಲೇ ಕೂತು ಗ್ರಂಥಿಯನ್ನು ಹಗಲೂ ರಾತ್ರಿ ದುಡಿಸುತ್ತದೆ. ಪಿಟ್ಯುಟರಿ ಟಿಎಸ್‌ಎಚ್ ಪೂರ್ತಿ ನಿಲ್ಲಿಸಿದರೂ ಪ್ರಯೋಜನವಿಲ್ಲ, ಪ್ರತಿಕಾಯ ಅದರ ಮಾತು ಕೇಳುವುದಿಲ್ಲ. ಹಕಾರು ಹಶಿಮೊಟೊ ಎಂಬ ಜಪಾನಿನ ಯುವ ವೈದ್ಯ 1912ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಅದೇ ರಕ್ಷಣಾ ವ್ಯವಸ್ಥೆ ಗ್ರಂಥಿಯನ್ನು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಸವೆಸುತ್ತದೆ. ಅಯೋಡಿನ್ ಕೊರತೆಯಿಲ್ಲದ ಕಡೆ ಗ್ರಂಥಿ ಸೋಲಲು ಸಾಮಾನ್ಯ ಕಾರಣ ಇದೇ. ಹೆಂಗಸರಲ್ಲಿ ಗಂಡಸರಿಗಿಂತ ಬಹಳ ಹೆಚ್ಚು.

ಉಪ್ಪಿನ ಪ್ಯಾಕೆಟ್ಟು, ಕೂಸಿನ ಹಿಮ್ಮಡಿ

1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಗಳಗಂಡದ ಕುರಿತು ಕೆಲಸ ಶುರುಮಾಡಿದರು. ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರಿ ಉಪ್ಪು ಒದಗಿಸಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ವಲಯಗಳಲ್ಲಿ ಗಳಗಂಡ ಇಳಿಯಿತು, ಮಿಕ್ಕ ವಲಯದಲ್ಲಿ ಇದ್ದಂತೆಯೇ ಉಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ನಮ್ಮ ಸೆಕೆ, ತೇವದ ಹವೆಯಲ್ಲೂ ಬೇಗ ಹಾರಿಹೋಗದ ಪೊಟ್ಯಾಷಿಯಂ ಅಯೋಡೇಟನ್ನು ಉಪ್ಪಿಗೆ ಬೆರೆಸುವ ಕ್ರಮ ನೆಲೆನಿಂತಿತು. ಅಂಗಡಿಯಲ್ಲಿ ಸಿಗುವ ಉಪ್ಪಿನ ಪ್ರತಿ ಕಿಲೋದಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ಈಗಿನ ನಿಯಮ. ಆರೋಗ್ಯಕ್ಕೆ ಒಳ್ಳೆಯದೆಂದು ಹೆಚ್ಚು ಬೆಲೆ ಕೊಟ್ಟು ಸೈಂಧವ ಲವಣ ತರುವವರು, ಅಯೋಡಿನ್ ಬೆರೆಸದ ಕಲ್ಲುಪ್ಪನ್ನೇ ಎಲ್ಲ ಅಡುಗೆಗೂ ಹಾಕುವವರು ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನು ಒಮ್ಮೆ ಓದಬೇಕು. ಮನೆಯಲ್ಲಿ ಬಸುರಿಯಿದ್ದರೆ ಖಂಡಿತ ಓದಬೇಕು.

ಏಕೆಂದರೆ ಹೊಟ್ಟೆಯಲ್ಲಿರುವ ಕೂಸಿನ ಥೈರಾಯ್ಡ್ ಅಯೋಡಿನ್ ಹಿಡಿಯಲು ಕಲಿಯುವುದು ಹತ್ತು ಹನ್ನೆರಡು ವಾರ ಕಳೆದ ಮೇಲೆ. ಅಲ್ಲಿಯವರೆಗೆ ಅದರ ಮಿದುಳಿಗೆ ತಾಯಿಯ ಟಿ4 ಒಂದೇ ಆಧಾರ, ಆಮೇಲೂ ಬಹುಕಾಲ ಅದರ ನೆರವು ಬೇಕು. ತಾಯಿಯ ಗ್ರಂಥಿ ಸುಮಾರು ಅರ್ಧದಷ್ಟು ಹೆಚ್ಚು ದುಡಿಯಬೇಕಾಗುತ್ತದೆ; ಅಯೋಡಿನ್ ಬೇಡಿಕೆ ದಿನಕ್ಕೆ 250 ಮೈಕ್ರೋಗ್ರಾಂಗೆ ಏರುತ್ತದೆ. ಮೊದಲೇ ಥೈರಾಕ್ಸಿನ್ ನುಂಗುತ್ತಿರುವ ಹೆಣ್ಣುಮಗಳು ಬಸಿರು ಖಚಿತವಾದ ಕೂಡಲೇ ವೈದ್ಯರಿಗೆ ಹೇಳಿ ಡೋಸ್ ಹೆಚ್ಚಿಸಿಕೊಳ್ಳಬೇಕು, ಮುಂದಿನ ತಿಂಗಳ ಚೆಕಪ್‌ವರೆಗೆ ಕಾಯಬಾರದು.

ಕೆಲವು ಕೂಸುಗಳು ಥೈರಾಯ್ಡ್ ಇಲ್ಲದೆಯೇ ಹುಟ್ಟುತ್ತವೆ. ಭ್ರೂಣದಲ್ಲಿ ಈ ಗ್ರಂಥಿ ನಾಲಿಗೆಯ ಬುಡದಲ್ಲಿ ಮೊಳೆತು ಕುತ್ತಿಗೆಗೆ ಇಳಿದು ಬರುತ್ತದೆ. ಕೆಲವರಲ್ಲಿ ಅದು ದಾರಿಯಲ್ಲೇ ನಿಂತುಬಿಡುತ್ತದೆ, ಇನ್ನು ಕೆಲವರಲ್ಲಿ ಇದ್ದರೂ ಹಾರ್ಮೋನು ತಯಾರಿಸದು. ತಾಯಿಯ ಹಾರ್ಮೋನು ಕಾಪಾಡಿರುವುದರಿಂದ ಹುಟ್ಟಿದಾಗ ಕೂಸು ನೋಡಲು ಚೆನ್ನಾಗಿಯೇ ಇರುತ್ತದೆ. ಲಕ್ಷಣ ಕಾಣುವ ಹೊತ್ತಿಗೆ ಮಿದುಳಿಗೆ ಆಗಬಾರದ ಹಾನಿ ಆಗಿರುತ್ತದೆ. ಹಿಮ್ಮಡಿಯಿಂದ ನಾಲ್ಕು ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಹಿಡಿದು ಇದನ್ನು ಪತ್ತೆಹಚ್ಚುವ ಪದ್ಧತಿಯನ್ನು ಕೆನಡಾದ ಕ್ವಿಬೆಕ್‌ನಲ್ಲಿ ಜೀನ್ ಡುಸ್ಸೊ 1970ರ ದಶಕದಲ್ಲಿ ಬಳಕೆಗೆ ತಂದರು. ನಮ್ಮಲ್ಲಿ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ಇದು ಇನ್ನೂ ವಾಡಿಕೆಯಾಗಿಲ್ಲ, ಆಗಬೇಕು. ಅಲ್ಲಿಯವರೆಗೆ ಮನೆಯವರೇ ಕೇಳಿ ಮಾಡಿಸಬೇಕು. ಹುಟ್ಟಿದ ಮೊದಲ ದಿನ ಟಿಎಸ್‌ಎಚ್ ಸಹಜವಾಗಿಯೇ ಏರಿರುವುದರಿಂದ ಎರಡು ದಿನ ತುಂಬಿದ ಮೇಲೆ ರಕ್ತ ತೆಗೆಯುವುದು ಒಳ್ಳೆಯದು. ದೋಷವಿದ್ದರೆ ಎರಡು ವಾರದೊಳಗೆ ಥೈರಾಕ್ಸಿನ್ ಶುರುವಾಗಬೇಕು. ಮಾತ್ರೆಯನ್ನು ಪುಡಿಮಾಡಿ ಒಂದೆರಡು ಚಮಚ ಎದೆಹಾಲಿನಲ್ಲಿ ಕಲಸಿ ಕುಡಿಸಿದರೆ ಸಾಕು. ಕೆಲವರಲ್ಲಿ ತೊಂದರೆ ತಾತ್ಕಾಲಿಕ. ಅಂಥ ಅನುಮಾನವಿದ್ದರೆ ಮೂರು ವರ್ಷ ತುಂಬಿದ ಮೇಲೆ, ಮಿದುಳಿನ ಮುಖ್ಯ ಬೆಳವಣಿಗೆ ಮುಗಿದಿರುವಾಗ, ವೈದ್ಯರು ಒಂದು ತಿಂಗಳು ಮಾತ್ರೆ ನಿಲ್ಲಿಸಿ ಮತ್ತೆ ಪರೀಕ್ಷಿಸಿ ಮುಂದಿನದನ್ನು ತೀರ್ಮಾನಿಸುತ್ತಾರೆ.